ಅಂಗನವಾಡಿಯ ಕೀಲಿ, ರಸ್ತೆಯಡಿಯ ತಾಯಿ

ಕಳೆದ ವಾರ ನಮ್ಮೂರ ರಸ್ತೆಯನ್ನು ಮತ್ತೆ ಅಗೆದರು. ಈ ಸಲ ನೀರಿನ ಪೈಪಿಗಲ್ಲ, ಇಂಟರ್‌ನೆಟ್ ಕೇಬಲ್ಲಿಗೆ. ಬೆಳಿಗ್ಗೆ ಅಂಗನವಾಡಿಯ ಬಾಗಿಲು ತೆಗೆಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಆಗಷ್ಟೇ ಅಗೆದ ಕೆಂಪು ಮಣ್ಣು, ಹರಿದ ಬೇರು, ಅದರ ಮೇಲೆ ಡೀಸೆಲ್ ಹೊಗೆ. ಮಣ್ಣಿನ ವಾಸನೆ ಅಂದರೆ ಉಳಿದವರಿಗೆ ಮೊದಲ ಮಳೆ ನೆನಪಾಗುತ್ತದೆ. ನನಗೆ ಮಾತ್ರ ಕೈ ತಾನಾಗಿಯೇ ಸೆರಗಿನ ತುದಿಗೆ ಹೋಗುತ್ತದೆ, ಕೀಲಿ ಇದೆಯೋ ಇಲ್ಲವೋ ಅಂತ. ಗುಂಡಿಯ ಅಂಚಿಗೆ ಹೋಗಿ ನಿಂತೆ. ಆಳುಗಳು ಏನೇನು ಎತ್ತಿ ಹಾಕುತ್ತಿದ್ದಾರೆ, ಯಾರು ಬಗ್ಗಿ ನೋಡುತ್ತಿದ್ದಾರೆ, ಯಾರು ನೋಡಿಯೂ ನೋಡದವರ ಹಾಗೆ ಹಾದುಹೋಗುತ್ತಿದ್ದಾರೆ ಎಂದು ಎಲ್ಲರ ಮುಖವನ್ನೂ ಒಮ್ಮೆ ಅಳೆದೆ. ಅನುಮಾನ ನನ್ನ ಹುಟ್ಟುಗುಣ, ಒಪ್ಪುತ್ತೇನೆ. ಆದರೆ ಅದನ್ನು ಸಾಕಿ ಬೆಳೆಸಿದ್ದು ಆ ಒಂದು ಮಳೆಗಾಲ.

ನಮ್ಮೂರು ಮುಂಡಗೋಡ ತಾಲೂಕಿನಲ್ಲಿ, ಇಂದೂರು ಹಳ್ಳಿಯಿಂದ ಒಳಗೆ. ನನ್ನ ತವರು ಹಳಿಯಾಳ. ಮದುವೆಯಾಗಿ ಬಂದು, ಇಲ್ಲೇ ಅಂಗನವಾಡಿ ಟೀಚರಾಗಿ, ಊರಿನ ಅರ್ಧ ಮಕ್ಕಳ ಮೂಗು ಒರೆಸಿದರೂ ನಾನು ಊರಿಗೆ 'ಹಳಿಯಾಳದಾಕಿ'ಯೇ. ಗಂಡ ದಾಂಡೇಲಿಯಲ್ಲಿ ಕೆಲಸಕ್ಕಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ. ಮನೆಯಲ್ಲಿ ನಾನು ಮತ್ತು ಅತ್ತೆ ನೀಲವ್ವ, ಇಬ್ಬರೇ.

ಆ ವರ್ಷ ಬೇಸಿಗೆಯ ಕೊನೆಗೆ ಮನೆಮನೆಗೆ ನಳ ಕೊಡುತ್ತೇವೆಂದು ರಸ್ತೆ ಅಗೆಯಲು ಶುರು ಮಾಡಿದರು. ಗುತ್ತಿಗೆದಾರರ ಕಡೆಯಿಂದ ಮೇಲ್ವಿಚಾರಣೆಗೆ ಬಂದವನು ಶಿಂಧೆ ಅಂತ, ಸಾಂಗ್ಲಿ ಕಡೆಯವನು. ಮರಾಠಿಯನ್ನು ಕನ್ನಡದಲ್ಲಿ ಅದ್ದಿ ಮಾತಾಡುತ್ತಿದ್ದ. ಅಂಗನವಾಡಿಯ ಎದುರಿಗೇ ಜೆಸಿಬಿ ಒಂದು ಕಲ್ಲಿಗೆ ಬಡಿದು ನಿಂತಿತು. ಬಂಡೆ ಇರಬೇಕು ಅಂದುಕೊಂಡು ಪಕ್ಕದಿಂದ ಕೆದಕಿದರೆ ಮಣ್ಣಿನೊಳಗಿಂದ ದನಗಳ ಸಾಲು ಕಂಡಿತು, ಅದರ ಮುಂದೆ ಬಿಲ್ಲು ಹಿಡಿದ ಮನುಷ್ಯ. ಎರಡು ತುಂಡಾದ ವೀರಗಲ್ಲು. ಅದರ ಅಡಿಯಿಂದ ಕಪ್ಪು ಮಡಕೆಯ ಚೂರುಗಳು, ಕಬ್ಬಿಣದ ಕಿಟ್ಟ, ಕೊನೆಗೆ ಎರಡು ಗೇಣೆತ್ತರದ ಒಂದು ಕಲ್ಲಿನ ಹೆಂಗಸು. ಕಾಲು ಮಡಿಸಿ ಕೂತಿದ್ದಳು, ಮಡಿಲಲ್ಲಿ ಮಗು. ಬಲಗಿವಿಯಲ್ಲಿ ದೊಡ್ಡ ಓಲೆ ಇತ್ತು. ಎಡಗಿವಿ ಓಲೆಯ ಸಮೇತ ಮುರಿದುಹೋಗಿತ್ತು.

ಅಷ್ಟರಲ್ಲಿ ಟಿಬೆಟ್ ಕ್ಯಾಂಪಿನ ಒಂದು ಕಾರು ಗುಂಡಿ ದಾಟಲಾಗದೆ ನಿಂತಿತು. ಅದರಿಂದಿಳಿದ ವಯಸ್ಸಾದ ಲಾಮಾ ಒಬ್ಬರು ಗುಂಡಿಯ ಬಳಿ ಬಂದು, ಕಲ್ಲಿನ ಹೆಂಗಸನ್ನು ನೋಡಿ, ಕೈ ಮುಗಿದು, ಕಾರು ತಿರುಗಿಸಿಕೊಂಡು ಹೋದರು. ಅಲ್ಲಿಂದ ಊರಿನ ತಲೆಗೆ ಹುಳ ಹೊಕ್ಕಿತು.

"ಲಾಮಾ ಯಾಕ ಕೈ ಮುಗದ? ಅಂವಂಗ ಏನೋ ಗೊತ್ತೈತಿ ನೋಡು," ಅಂದಳು ಗಂಗವ್ವ. ಗಂಗವ್ವ ನಮ್ಮ ಪಕ್ಕದ ಮನೆಯವಳು. ಅವಳ ಬಾಯಿಗೆ ಬಿದ್ದದ್ದು ಊರಿಗೆಲ್ಲ ಗೊತ್ತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಸಂಜೆಯೊಳಗೆ ಹೊನ್ನಿನ ಕೊಡದ ಕತೆ ಹುಟ್ಟಿ, ಮರುದಿನ ಬೆಳಿಗ್ಗೆ ರಸ್ತೆಯ ಪಕ್ಕ ಯಾರೋ ಸಲಿಕೆಯಿಂದ ತೋಡಿದ ಹೊಸ ಗುಂಡಿಗಳಿದ್ದವು. ಯಾರು ತೋಡಿದರೆಂದು ಯಾರೂ ಕೇಳಲಿಲ್ಲ. ಕೇಳಿದರೆ, ನೀನು ಅಷ್ಟೊತ್ತಿಗೆ ಅಲ್ಲೇನು ಮಾಡುತ್ತಿದ್ದೆ ಎಂಬ ಪ್ರಶ್ನೆ ತಿರುಗಿ ಬರುತ್ತಿತ್ತು.

ಮಾರನೆಯ ವಾರ ಪುರಾತತ್ವ ಇಲಾಖೆಯಿಂದ ಒಬ್ಬ ಮೇಡಂ ಬಂದರು. ಚಿಕ್ಕ ವಯಸ್ಸು, ಮಣ್ಣಿನಲ್ಲಿ ಕೂರಲು ಹೇಸುವವರಲ್ಲ. ಎಲ್ಲದರ ಫೋಟೋ ತೆಗೆದು, ನಂಬರು ಹಚ್ಚಿ, ಪೂರ್ತಿ ಪರೀಕ್ಷೆ ಆಗುವವರೆಗೆ ಆ ಜಾಗದಲ್ಲಿ ಅಗೆಯಬೇಡಿ ಎಂದು ಶಿಂಧೆಗೆ ಹೇಳಿದರು. ವೀರಗಲ್ಲನ್ನು ಪಂಚಾಯ್ತಿ ಗೋಡೆಗೆ ಒರಗಿಸಿ ತಾಡಪತ್ರಿ ಹೊದಿಸಿದರು. ಉಳಿದದ್ದನ್ನು ಮಳೆ ನಿಂತ ಮೇಲೆ ಒಯ್ಯುವವರೆಗೆ ಎಲ್ಲಿಡುವುದು? ಊರಲ್ಲಿ ಗಟ್ಟಿ ಬೀಗ ಇದ್ದದ್ದು ಅಂಗನವಾಡಿಗೆ ಮಾತ್ರ.

"ಅಕ್ಕೋರ, ನಿಮ್ಮ ಕಡೆ ಇದ್ರ ಊರ ಕಡೆ ಇದ್ದಂಗ. ಹೂಂ ಅನ್ರಿ," ಅಂದರು ಗೌಡ್ರು. ಊರಿನ ಹಿರಿಯರು, ಮಾತಿನಲ್ಲಿ ಬೆಣ್ಣೆ ಸವರಿಯೇ ಕೊಡುವವರು. ಅಷ್ಟು ವರ್ಷದಲ್ಲಿ ಗೌಡ್ರು ನನ್ನನ್ನು ಊರಿನವಳೆಂದು ಕರೆದದ್ದು ಅದೇ ಮೊದಲು. ಅದಕ್ಕೇ ಅನುಮಾನ ಪಡಬೇಕಿತ್ತು. ನಾನು ಉಬ್ಬಿಹೋಗಿ ಸಹಿ ಮಾಡಿದೆ.

ಹೀಗೆ ಆ ಕಲ್ಲಿನ ತಾಯಿ ಅಂಗನವಾಡಿಯ ಮೂಲೆಯಲ್ಲಿ, ಪೌಷ್ಟಿಕ ಹಿಟ್ಟಿನ ಚೀಲಗಳ ಪಕ್ಕ ಕೂತಳು. ಮಕ್ಕಳಿಗೆ ಆಕೆ ಎರಡೇ ದಿನಕ್ಕೆ ರೂಢಿಯಾದಳು. ತಾವು ತಿನ್ನುವ ಉಂಡೆಯ ಚೂರನ್ನು ಆಕೆಯ ಮಡಿಲ ಮಗುವಿನ ಬಾಯಿಗೆ ಒತ್ತುತ್ತಿದ್ದವು. ಇರುವೆ ಮುತ್ತುತ್ತವೆ ಎಂದು ನಾನು ಬೈದು ಒರೆಸಿ ಒರೆಸಿ ಸಾಕಾದೆ. ಮೊಣಕಾಲು ನೋವೆಂದು ಹೊಸ್ತಿಲು ದಾಟಲೂ ಗೋಡೆ ಹಿಡಿಯುತ್ತಿದ್ದ ಅತ್ತೆ ದಿನಾ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಬರತೊಡಗಿದರು. ಬಂದು, ಆಕೆಯ ಎದುರು ಗೋಡೆಗೊರಗಿ ಕೂತು, ಸುಮ್ಮನೆ ನೋಡುತ್ತಿದ್ದರು.

"ಎಷ್ಟು ವರ್ಷ ಈಕಿ ಮ್ಯಾಲ ಲಾರಿ ಹಾದಾವೋ," ಅನ್ನುತ್ತಿದ್ದರು. "ಕಬ್ಬಿನ ಲಾರಿ, ಕಟ್ಟಿಗಿ ಲಾರಿ. ನಾನೂ ಎಷ್ಟು ಸಲ ತುಳದೇನಿ."

ನನಗೆ ಅತ್ತೆಯ ಮಾತಿಗೆ ಕಿವಿಗೊಡಲು ಪುರುಸೊತ್ತಿರಲಿಲ್ಲ. ನನ್ನ ಕಣ್ಣು ಶಿಂಧೆಯ ಮೇಲಿತ್ತು. ಅವನು ಎರಡು ಸಲ ಬಂದು, ಮೂರ್ತಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು, "ತಾಯಿ, ಪುಣೆದಾಗ ಇಂಥಾವು ಭಾರೀ ಡಿಮಾಂಡ್ ಐತ್ರಿ," ಅಂದಿದ್ದ. ಗಂಗವ್ವ ಕಿಟಕಿಯಲ್ಲಿ ಇಣುಕುತ್ತಿದ್ದಳು. ಗೌಡ್ರು ದಾರಿಯಲ್ಲಿ ಸಿಕ್ಕಾಗಲೆಲ್ಲ "ಕೀಲಿ ಭದ್ರ ಐತಿಲ್ರಿ?" ಅನ್ನುತ್ತಿದ್ದರು. ಭದ್ರ ಇರಲಿ ಅಂತ ಕೇಳುತ್ತಿದ್ದರೋ, ಎಲ್ಲಿದೆ ಅಂತ ತಿಳಿದುಕೊಳ್ಳಲು ಕೇಳುತ್ತಿದ್ದರೋ ಎಂದು ನಾನು ಮನೆಗೆ ಬಂದು ಯೋಚಿಸುತ್ತಿದ್ದೆ.

ಮಳೆ ಹಿಡಿಯಿತು. ಅರ್ಧ ಅಗೆದ ರಸ್ತೆ ಕೆಸರಿನ ಕಾಲುವೆಯಾಯಿತು. ನೀರೂ ಇಲ್ಲ, ರಸ್ತೆಯೂ ಇಲ್ಲ ಎಂದು ಜನ ಕಲ್ಲಿನ ತಾಯಿಯನ್ನು ಬಿಟ್ಟು ಮೇಡಂಗೆ ಬೈದರು, ಮೇಡಂ ಕೈಗೆ ಸಿಗದಿದ್ದಾಗ ಸಹಿ ಮಾಡಿದ ನನಗೆ ಬೈದರು. ಅದರ ನಡುವೆಯೇ ಆಷಾಢದ ವಾರಗಳು ಬಂದವು. ನಮ್ಮ ಕಡೆ ಮಳೆಗಾಲದಲ್ಲಿ ಮಂಗಳವಾರ ಹಿಡಿಯುತ್ತಾರೆ. ಅಂದು ನೇಗಿಲು ಹೂಡುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಕೊನೆಯ ವಾರ ಹೊರಬೀಡು. ಬೆಳಗಾಗುತ್ತಲೇ ಇಡೀ ಊರು ಮನೆ ಬಿಟ್ಟು ಗಡಿಯಾಚೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು, ಸಂಜೆ ಊರ ಬಾಯಿಗೆ ಹಾಕಿದ ಮುಳ್ಳು ತೆಗೆದ ಮೇಲೆ ಒಳಗೆ ಬರಬೇಕು. ಬಾಣಂತಿ, ಮುದುಕರು, ದನ, ನಾಯಿ, ಯಾರನ್ನೂ ಬಿಡುವಂತಿಲ್ಲ. ಗುಡಿಯ ದ್ಯಾಮವ್ವನನ್ನೂ ಹೊತ್ತು ಒಯ್ಯುತ್ತಾರೆ. ಖಾಲಿ ಊರಿನಲ್ಲಿ ದೇವರನ್ನು ಒಂಟಿ ಬಿಡಬಾರದು ಅಂತ.

ಹೊರಬೀಡಿನ ಅಡುಗೆಗೆ ಅಂಗನವಾಡಿಯ ದೊಡ್ಡ ಪಾತ್ರೆಗಳನ್ನು ಒಯ್ಯುವುದು ರೂಢಿ. ಆ ಬೆಳಿಗ್ಗೆ ಜಿಟಿಜಿಟಿ ಮಳೆ. ಅತ್ತೆ ನನಗಿಂತ ಮುಂಚೆ ಎದ್ದು ಕೀಲಿ ಒಯ್ದು, ಪಾತ್ರೆಗಳನ್ನು ಬಾಗಿಲಿಗೆ ತಂದು ಇಟ್ಟಿದ್ದರು. ಎರಡು ಹಿಡಿಕೆಯ ದೊಡ್ಡ ಬೋಗುಣಿಯನ್ನು ಒಂದು ಕಡೆ ನಾನು, ಒಂದು ಕಡೆ ಅತ್ತೆ ಹಿಡಿದು ಗಾಡಿಗೆ ಏರಿಸಿದೆವು. ಇದೇನು ಇಷ್ಟು ಭಾರ ಅಂದೆ. "ಅಕ್ಕಿ ತುಂಬೇನಿ," ಅಂದರು. ನಾನು ಬೀಗ ಹಾಕಿ, ಎರಡೆರಡು ಸಲ ಜಗ್ಗಿ ನೋಡಿ ಗಾಡಿ ಹತ್ತಿದೆ.

ಗಡಿಯಲ್ಲಿ ಒಂದು ಹುಣಸೆಮರ. ಅದರ ಕಟ್ಟೆಯ ಮೇಲೆ ಗಡಿದುರ್ಗವ್ವನ ಕಲ್ಲುಗಳು, ಎಷ್ಟಿವೆಯೋ ಯಾರೂ ಎಣಿಸಿದವರಲ್ಲ. ಅಂದು ಎಲ್ಲದಕ್ಕೂ ಅರಿಶಿನ, ಕುಂಕುಮ, ಎಣ್ಣೆ ಮೆತ್ತಿ, ಹಸಿರು ಖಣ ಸುತ್ತಿದ್ದರು. ನಾನೂ ಸಾಲಿನಲ್ಲಿ ನಿಂತು ಕಾಯಿ ಒಡೆಸಿ, ನನ್ನ ಜವಾಬ್ದಾರಿ ಸುಸೂತ್ರ ಮುಗಿಸವ್ವಾ ಎಂದು ಬೇಡಿಕೊಂಡು ಬಂದೆ.

ಮರುದಿನ ಅಂಗನವಾಡಿ ತೆಗೆದರೆ ಮೂಲೆ ಖಾಲಿ.

ಮಡಕೆಯ ಚೂರುಗಳು ಇದ್ದವು, ಕಬ್ಬಿಣದ ಕಿಟ್ಟ ಇತ್ತು, ತಾಯಿ ಇರಲಿಲ್ಲ. ಹಿಟ್ಟಿನ ಚೀಲ ಎಳೆದೆ, ಚಾಪೆ ಎತ್ತಿದೆ. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಸರಿಯಾಗಿತ್ತು. ಕೀಲಿ ನನ್ನ ಬಳಿ. ಊರಲ್ಲಿ ಒಂದು ನಾಯಿಯೂ ಇರದ ದಿನ. ಹಾಗಾದರೆ ತೆಗೆದವರು ಯಾರು ಎಂಬುದಕ್ಕೆ ಊರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

ಮುಖದ ಮೇಲೆ ಯಾರೂ ಅನ್ನಲಿಲ್ಲ. ನಾನು ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. "ಹಳಿಯಾಳದಾಗ ಆಕಿ ತಮ್ಮ ಹೊಸ ಮನಿ ಕಟ್ಟಾಕತ್ತಾನಂತ," ಎಂದು ಗಂಗವ್ವ ನಾನು ಕೇಳುವ ಹಾಗೆಯೇ ಇನ್ನೊಬ್ಬಳಿಗೆ ಹೇಳಿದಳು. ಎರಡು ಮನೆಯವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಮೇಡಂಗೆ ಫೋನು ಮಾಡಿ ಹೇಳಿದೆ. "ಹುಡುಕಿ ನೋಡಿ. ಸಿಗದೇ ಹೋದರೆ ನಾನು ಪೊಲೀಸರಿಗೆ ದೂರು ಕೊಡಲೇಬೇಕಾಗುತ್ತೆ," ಅಂದರು. ನಮ್ಮ ಇಲಾಖೆಯಿಂದಲೂ ನೋಟಿಸು ಬಂತು. ಉತ್ತರ ಸರಿಯಿಲ್ಲದಿದ್ದರೆ ಕೆಲಸ ಹೋಗುತ್ತದೆ ಎಂಬುದು ಅದರ ಸಾರ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮಕ್ಕಳ ಅಂಗನವಾಡಿಯಿಂದ ದೇವರನ್ನು ಕದ್ದವಳು ಎಂಬ ಹೆಸರು ಹೊತ್ತು ಈ ಊರಲ್ಲಿ ಸಾಯುವವರೆಗೆ ಬದುಕಬೇಕಲ್ಲ.

ನಾನೂ ಸುಮ್ಮನಿರಲಿಲ್ಲ, ಒಬ್ಬೊಬ್ಬರನ್ನೇ ಹಿಡಿದು ಮನಸ್ಸಿನಲ್ಲೇ ವಿಚಾರಣೆ ಮಾಡಿದೆ. ಶಿಂಧೆ ಸಾಬೂನಿನ ಮೇಲೆ ಕೀಲಿಯ ಅಚ್ಚು ತೆಗೆದಿರಬೇಕು, ಸಿನಿಮಾದಲ್ಲಿ ಹಾಗೇ ಮಾಡುತ್ತಾರೆ. ಗೌಡ್ರಿಗೆ ಗೋವಾದ ಕಡೆ ನಂಟಿದೆ. ಗಂಗವ್ವನ ಗಂಡ ಹೊರಬೀಡಿನ ಊಟದ ಹೊತ್ತಿಗೆ ಕಾಣಿಸಿರಲಿಲ್ಲ. ನನ್ನ ಗಂಡ ಫೋನಿನಲ್ಲಿ, "ಹೋಗ್ಲಿ ಬಿಡ, ಕಲ್ಲು ತಾನ," ಅಂದಾಗ ಅವರ ಮೇಲೂ ಒಂದು ದಿನ ಅನುಮಾನ ಪಟ್ಟೆ. ರಾತ್ರಿ ಅನ್ನ ಸೇರುತ್ತಿರಲಿಲ್ಲ. ಅತ್ತೆ ಮಾತ್ರ ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ, "ಉಣ್ಣು ತಂಗಿ, ಹೊಟ್ಟಿಗಿ ಸಿಟ್ಟು ತೋರಸಬಾರದು," ಎಂದು ತುಪ್ಪ ಬಡಿಸುತ್ತಿದ್ದರು. ಈ ಮನೆಯಲ್ಲಿ ನನ್ನವರೆಂದು ಒಬ್ಬರಾದರೂ ಇದ್ದಾರಲ್ಲ ಅಂದುಕೊಂಡು ಅತ್ತುಬಿಡುತ್ತಿದ್ದೆ.

ಕಳೆದದ್ದು ಸಿಗಲಿ ಎಂದು ಗಡಿದುರ್ಗವ್ವನಿಗೆ ಹರಕೆ ಹೊತ್ತೆ. ಶುಕ್ರವಾರಕ್ಕೊಮ್ಮೆ ಹೋಗಿ ನೀರು ಹಾಕಿ, ದೀಪ ಹಚ್ಚಿ ಬರುವುದು. ಶ್ರಾವಣದಲ್ಲಿ ಒಂದು ಶುಕ್ರವಾರ ನಾನು ಹೋಗುವ ಮುಂಚೆಯೇ ಮಳೆ ಹೊಡೆದು ನಿಂತಿತ್ತು. ಹಿಂದಿನ ಸಾಲಿನ ಒಂದು ಕಲ್ಲಿನ ಖಣ ಜಾರಿ, ಅರಿಶಿನ ಕರಗಿ ಕೆಳಗೆ ಹರಿದಿತ್ತು. ಹೊಸದಾಗಿ ಹಚ್ಚೋಣ ಎಂದು ಅಂಗೈಯಿಂದ ಒರೆಸಿದೆ. ಬೆರಳಿಗೆ ಓಲೆ ಸಿಕ್ಕಿತು. ಇನ್ನೊಂದು ಬದಿಗೆ ಕೈ ಹೋಯಿತು. ಅಲ್ಲಿ ಕಿವಿಯಿರಲಿಲ್ಲ.

ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಖುಷಿಯಲ್ಲಿ ಯಾರು ತಂದರು, ಹೇಗೆ ತಂದರು ಎಂದು ಯೋಚಿಸಲೂ ಇಲ್ಲ. ಯಾರಿಗೂ ಹೇಳಬಾರದು, ಹೇಳಿದರೆ ಮತ್ತೆ ಮಾಯವಾಗುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಅರಿಶಿನ ಮೆತ್ತಿ, ಖಣ ಮೊದಲಿನಂತೆ ಸುತ್ತಿ, ಮರದ ಮರೆಗೆ ಹೋಗಿ ಮೇಡಂಗೆ ಫೋನು ಮಾಡಿದೆ.

ಮೇಡಂ ಮಂಗಳವಾರ ಬಂದರು. ಜೀಪು ಗಡಿಯಲ್ಲಿ ನಿಲ್ಲುವಷ್ಟರಲ್ಲಿ ಊರಿನವರೆಲ್ಲ ಅಲ್ಲಿದ್ದರು. ಯಾರು ಹೇಳಿದರೋ ಗೊತ್ತಿಲ್ಲ. ಗೌಡ್ರು, ಗಂಗವ್ವ, ಅವಳ ಗಂಡ, ಎಲ್ಲರ ಹಿಂದೆ ಹಿಡಿಯಲು ಗೋಡೆಯಿಲ್ಲದ ಜಾಗದಲ್ಲಿ ನೆಟ್ಟಗೆ ನಿಂತಿದ್ದ ನಮ್ಮ ಅತ್ತೆ. ನಾನು ಎದೆಯುಬ್ಬಿಸಿ, "ಇಲ್ಲೇ ಅದಾಳ ನೋಡ್ರಿ ಮೇಡಂ, ನಾ ಕಳ್ಳಿ ಅಲ್ಲ," ಅಂದೆ.

"ಯಾರು? ಇದಾ?" ಅಂದರು ಗೌಡ್ರು, ಕಣ್ಣು ಮಿಟುಕಿಸದೆ. "ಇದು ನಮ್ಮ ಗಡಿದುರ್ಗವ್ವ ರೀ ಮೇಡಂ. ನಮ್ಮ ಅಜ್ಜನ ಕಾಲದಿಂದ ಇಲ್ಲೇ ಐತಿ."

"ಹೌದ್ರಿ, ಅಕ್ಕೋರಿಗೆ ಚಿಂತಿಗೆ ತಲಿ ತಿರಗೈತಿ. ಪಾಪ, ಊಟಾನೂ ಸರಿ ಮಾಡೂದಿಲ್ಲ," ಅಂದಳು ಗಂಗವ್ವ. ಅವಳ ದನಿಯಲ್ಲಿದ್ದ ಕನಿಕರ ಕೇಳಿ ನನಗೇ ಒಂದು ಗಳಿಗೆ ನನ್ನ ಮೇಲೆ ಅನುಮಾನ ಬಂತು.

ಅತ್ತೆಯತ್ತ ನೋಡಿದೆ. ಅವರಾದರೂ ನನ್ನ ಕಡೆ ಮಾತಾಡುತ್ತಾರೆ ಅಂತ. ಅತ್ತೆ ಮುಂದೆ ಬಂದು ಮೇಡಂಗೆ ಕೈ ಮುಗಿದು, "ನಾ ಮದವ್ಯಾಗಿ ಬಂದಾಗ ಇದಕ್ಕ ಉಡಿ ತುಂಬೇನಿ ಯವ್ವಾ," ಅಂದರು.

ಮೇಡಂ ಫೋನಿನಲ್ಲಿದ್ದ ಫೋಟೋ ನೋಡಿದರು, ಕಲ್ಲನ್ನು ನೋಡಿದರು. ಅರಿಶಿನದ ದಪ್ಪ ಪದರದಲ್ಲಿ ಮೂಗೂ ಕಾಣುತ್ತಿರಲಿಲ್ಲ. ಸ್ವಲ್ಪ ತೊಳೆದು ನೋಡಬಹುದಾ ಎಂದು ಕೇಳಿದರು. ಶ್ರಾವಣದ ಮಂಗಳವಾರ ಹೊರಗಿನವರು ಮುಟ್ಟುವಂತಿಲ್ಲ ಅಂದರು ಗೌಡ್ರು. ಅಂಥ ಕಟ್ಟಳೆ ನಮ್ಮೂರಲ್ಲಿದೆ ಎಂದು ನನಗೆ ಗೊತ್ತಾದದ್ದು ಅಂದೇ.

"ಸರಿ, ನಾನು ಮುಟ್ಟೋದಿಲ್ಲ," ಅಂದ ಮೇಡಂ ನನ್ನತ್ತ ತಿರುಗಿದರು. "ನೀವು ಪ್ರತಿ ವಾರ ಪೂಜೆ ಮಾಡ್ತೀರಲ್ಲ. ನೀವೇ ನೀರು ಹಾಕಿ."

ಕಲ್ಲು ತೊಳೆದು ತೋರಿಸಲೆಂದೇ ತಂದಿದ್ದ ನೀರಿನ ತಂಬಿಗೆ ನನ್ನ ಕೈಯಲ್ಲಿತ್ತು. ಬಾವಿಯ ಹತ್ತಿರ ನನ್ನನ್ನು ಕಂಡು ಮುಖ ತಿರುಗಿಸಿದವರೆಲ್ಲ ಈಗ ನನ್ನ ಕೈಯನ್ನೇ ನೋಡುತ್ತಿದ್ದರು. ಎಷ್ಟು ಮಂದಿಗೆ ಇದು ಮೊದಲ ದಿನದಿಂದ ಗೊತ್ತಿತ್ತು? ಗೊತ್ತಿದ್ದೂ ನನ್ನನ್ನು ಕಳ್ಳಿ ಅಂದರೆ? ಒಂದು ತಂಬಿಗೆ ಸುರಿದರೆ ನನ್ನ ಹೆಸರು ತೊಳೆದುಹೋಗುತ್ತಿತ್ತು. ಆಕೆ ಜೀಪು ಹತ್ತಿ, ಎಲ್ಲೋ ಒಂದು ಕೋಣೆಯಲ್ಲಿ ನಂಬರು ಹಚ್ಚಿಸಿಕೊಂಡು ಕೂರುತ್ತಿದ್ದಳು. ಅಂಗನವಾಡಿಯ ಮಕ್ಕಳು ಉಂಡೆಯ ಚೂರನ್ನು ಯಾರ ಬಾಯಿಗೆ ಒತ್ತುತ್ತಿದ್ದರು ಎಂಬುದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನೀರನ್ನು ಹುಣಸೆಮರದ ಬುಡಕ್ಕೆ ಸುರಿದೆ. ಭಕ್ತಿಯಿಂದ ಅಂತ ಯಾರೂ ತಿಳಿಯಬಾರದು, ಸಿಟ್ಟಿನಿಂದ ಸುರಿದೆ. ನನ್ನ ಒಂದು ಕೈಯಲ್ಲಿ ಇಷ್ಟು ಜನರ ಸುಳ್ಳು ನಿಂತಿದೆ, ಇನ್ನು ಇವರು ಜನ್ಮವಿಡೀ ನನ್ನನ್ನು ಕಂಡರೆ ತಲೆ ತಗ್ಗಿಸಲಿ ಅನ್ನಿಸಿತು. "ನನಗ ತಪ್ಪಿ ಕಂಡಿರಬೇಕ್ರಿ ಮೇಡಂ," ಅಂದೆ.

ಮೇಡಂ ಚಪ್ಪಲಿ ಬಿಟ್ಟು, ಕಟ್ಟೆಗೆ ಕೈ ಮುಗಿದು, ಅತ್ತೆ ಕೊಟ್ಟ ಕುಂಕುಮ ಹಚ್ಚಿಕೊಂಡು ಜೀಪು ಹತ್ತಿದರು. ಅವರಿಗೆ ತಿಳಿಯಿತೋ ಇಲ್ಲವೋ, ಇವತ್ತಿಗೂ ನನಗೆ ಅನುಮಾನ.

ಅದೇ ಸಂಜೆ ಗೌಡ್ರು ಒಂದು ಗುಂಡುಕಲ್ಲು ತಂದು ಅಂಗನವಾಡಿಯ ಬೀಗ ಜಜ್ಜಿದರು. "ಹೊರಬೀಡಿನ ದಿನ ಒಡದದ್ದು. ಸಂಜೀಕ ವಾಪಸ್ ಬಂದಾಗ ನಾವೆಲ್ಲಾ ನೋಡೇವಿ," ಅಂದರು. ಪೊಲೀಸರು ಬಂದಾಗ ಊರಿಗೆ ಊರೇ ಅದನ್ನೇ ಹೇಳಿತು. ನನ್ನ ಕೆಲಸ ಉಳಿಯಿತು. ಪರೀಕ್ಷೆ ಮುಗಿದು, ಪೈಪು ಆ ಜಾಗವನ್ನು ಬಳಸಿಕೊಂಡು ಹೋಗಿ, ನಳದಲ್ಲಿ ನೀರೂ ಬಂತು. ವೀರಗಲ್ಲು, ಮಡಕೆಯ ಚೂರು ಲಾರಿಯಲ್ಲಿ ಹೋದವು. ದುರ್ಗವ್ವನ ಕಟ್ಟೆಯಲ್ಲಿ ಮೊದಲ ಪ್ರಸಾದ ಈಗ ನನಗೇ ಕೊಡುತ್ತಾರೆ. ಅದು ಮರ್ಯಾದೆಯೋ, ಬಾಯಿ ಮುಚ್ಚಿಸುವ ಉಪಾಯವೋ ಎಂದು ಪ್ರತಿ ಸಲವೂ ಯೋಚಿಸಿಯೇ ಬಾಯಿಗೆ ಹಾಕಿಕೊಳ್ಳುತ್ತೇನೆ.

ಆ ದಿನ ಮನೆಗೆ ಬಂದ ಮೇಲೆ ಅತ್ತೆಯ ಎದುರು ಕೂತೆ.

"ಯಾರು ಒಯ್ದವರು ಅತ್ತಿ?"

"ಊರೆಲ್ಲಾ ಹೊರಗ ಹೋಗೂ ದಿನ, ಕೂಸಿನ ತಾಯಿನ್ನ ಕೀಲಿ ಹಾಕಿ ಒಳಗ ಬಿಟ್ಟು ಹೋಗಬೇಕಿತ್ತೇನು?" ಅಂದರು. "ಸಂಜೀಕ ವಾಪಸ್ ತರೂದ ಮನಸ್ಸಿನ್ಯಾಗಿತ್ತು. ಕಟ್ಟಿ ಮ್ಯಾಲ ಕುಂತಿದ್ದು ನೋಡಿ ತರಾಕ ಮನಸ್ಸಾಗಲಿಲ್ಲ."

"ನನಗ ಕಳ್ಳಿ ಅಂದ್ರಲ್ಲ, ಆವಾಗರ ಒಂದು ಮಾತು ಹೇಳಬೇಕಿಲ್ರಿ?"

ಅತ್ತೆ ನನ್ನ ಕೈ ಹಿಡಿದುಕೊಂಡರು. ಒರಟು ಕೈ. "ಹೇಳಿದ್ರ ಒಯ್ತಿದ್ರು. ನೀ ತಡಕೋತಿ ಅಂತ ಗೊತ್ತಿತ್ತು ತಂಗಿ. ಆಕಿ ಸಾಕಷ್ಟು ತಡಕೊಂಡಾಳ."

ಕೈ ಕಿತ್ತುಕೊಂಡು ಎದ್ದೆ. ಒಳಗೆ ಹೋಗಿ ಒಲೆಯ ಮುಂದೆ ನಿಂತಾಗ ಬೋಗುಣಿಯ ಭಾರ ನೆನಪಾಯಿತು. ಒಂದು ಹಿಡಿಕೆ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕದ್ದವಳು ಹಳಿಯಾಳದಾಕಿ ಅಂದಿದ್ದ ಊರು ಅರ್ಧ ನಿಜವನ್ನೇ ಹೇಳಿತ್ತು. ಅತ್ತೆಯೊಡನೆ ಕಾರ್ತಿಕದ ಗೌರಿಹುಣ್ಣಿಮೆಯವರೆಗೆ ಮಾತು ಬಿಟ್ಟೆ. ಅವರು ತುಪ್ಪ ಬಡಿಸುವುದು ಬಿಡಲಿಲ್ಲ.

ಈಗ ಕೇಬಲ್ಲಿನ ಗುಂಡಿ. ಕಳೆದ ವಾರ ನಾನು ಅದರ ಅಂಚಿನಲ್ಲಿ ನಿಂತಿದ್ದಾಗ ಅತ್ತೆ ಕೋಲೂರಿಕೊಂಡು ಬಂದು ಮಣ್ಣಿನ ದಿಬ್ಬದ ಮೇಲೆ ಕೂತರು. ಸಲಿಕೆ ಯಾವುದಕ್ಕೋ ಬಡಿದು ಠಣ್ ಅಂದಿತು. ಅತ್ತೆಯ ಕುತ್ತಿಗೆ ಉದ್ದವಾಯಿತು. ನಾನು ಆಳುಗಳನ್ನು ನೋಡುವುದು ಬಿಟ್ಟು ಅವರನ್ನೇ ನೋಡಿದೆ.

"ನನ್ನೇನ್ ನೋಡ್ತಿ?" ಅಂದರು. "ಈ ಸಲ ಏನರ ಸಿಕ್ರ ಮೊದಲ ನಿನಗ ಹೇಳ್ತೇನಿ ತಗೋ."

ಆ ಮಾತನ್ನು ನಾನು ನಂಬಲಿಲ್ಲ. ಒಳಗೆ ಹೋಗಿ ದೊಡ್ಡ ಬೋಗುಣಿಯನ್ನು ತೊಳೆದು, ಬಾಗಿಲ ಹತ್ತಿರ ಕೈಗೆ ಸಿಗುವ ಹಾಗೆ ಕವಿಚಿಟ್ಟೆ.